ಎರಡು ಪದ, ಒಂದು ಗುಹೆ

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆಟಗಳ ಬಗ್ಗೆ ಮಾತಾಡಿ ಅಂತ ಕರೆದವರು ಚಂದದ ಚಿತ್ರ, ವಿಡಿಯೊ ಎಲ್ಲ ತರುತ್ತೇನೆ ಅಂದುಕೊಂಡಿದ್ದರೇನೋ. ನಾನು ಒಂದು ಸ್ಲೈಡ್ ಕೂಡ ತಂದಿಲ್ಲ. ತೋರಿಸುವುದಕ್ಕೆ ಇರುವುದೇ ಕಪ್ಪು ಪರದೆ ಮತ್ತು ನಾಲ್ಕು ಸಾಲು ಬರಹ. ಚಿತ್ರ ಇಲ್ಲ, ಸದ್ದಿಲ್ಲ, ಮೌಸ್ ಬೇಕಾಗಿಲ್ಲ. ಆದರೆ ನನ್ನ ಬದುಕಿನ ದೊಡ್ಡ ಸಾಹಸಗಳೆಲ್ಲ ನಡೆದಿರುವುದು ಅಲ್ಲೇ. ಹೊರಗೆ ನಾನು ಜೋಗದ ಮೆಟ್ಟಿಲು ಇಳಿಯುವುದಕ್ಕೂ ಹಿಂದೆಮುಂದೆ ನೋಡುವವನು.

ಆಟದ ಹೆಸರು ‘ಕೊಲೊಸಲ್ ಕೇವ್ ಅಡ್ವೆಂಚರ್’, ಅದು ಹೀಗೆ ಶುರುವಾಗುತ್ತದೆ. ರಸ್ತೆ ಮುಗಿಯುವ ಕಡೆ ಇಟ್ಟಿಗೆಯ ಒಂದು ಪುಟ್ಟ ಮನೆ ಇದೆ, ಸುತ್ತ ಕಾಡು, ಒಂದು ತೊರೆ ಹರಿದು ಹೋಗುತ್ತಿದೆ ಅಂತ ಯಂತ್ರ ಹೇಳುತ್ತದೆ. ಆಮೇಲೆ ಸುಮ್ಮನಾಗಿ ಕಾಯುತ್ತದೆ. ಮುಂದೇನು ಅಂತ ನೀವು ಟೈಪ್ ಮಾಡಬೇಕು. ಎರಡೇ ಪದ. ‘ಗೆಟ್ ಲ್ಯಾಂಪ್’ ಅಂದರೆ ದೀಪ ನಿಮ್ಮ ಕೈಗೆ ಬಂತು. ‘ಗೋ ವೆಸ್ಟ್’ ಅಂದರೆ ಪಡುವಣಕ್ಕೆ ಹೊರಟಿರಿ. ತಪ್ಪು ಪದ ಬಳಸಿದರೆ ಅರ್ಥವಾಗಲಿಲ್ಲ ಅನ್ನುತ್ತದೆ, ಬೈಯುವುದಿಲ್ಲ. ಕಾಲೇಜಿನಲ್ಲಿ ನಮ್ಮ ಲ್ಯಾಬ್ ಮೇಷ್ಟ್ರಿಗಿಂತ ಅದಕ್ಕೆ ತಾಳ್ಮೆ ಜಾಸ್ತಿ ಇತ್ತು.

ಈ ಗುಹೆ ನಿಜವಾದದ್ದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಕೆಂಟಕಿಯಲ್ಲಿ ಮ್ಯಾಮತ್ ಗುಹೆ ಅಂತ ಇದೆ. ಇಲ್ಲಿಯವರೆಗೆ ಅಳತೆ ಮಾಡಿರುವುದೇ 650 ಕಿಲೋಮೀಟರಿಗಿಂತ ಜಾಸ್ತಿ, ಜಗತ್ತಿನಲ್ಲೇ ಅತಿ ಉದ್ದದ್ದು. ಅದನ್ನು ತೆವಳಿಕೊಂಡು ಅಳೆಯುತ್ತಿದ್ದ ತಂಡಗಳಲ್ಲಿ ವಿಲ್ ಕ್ರೌಥರ್ ಮತ್ತು ಅವರ ಹೆಂಡತಿ ಪ್ಯಾಟ್ ಇದ್ದರು. ಪಕ್ಕದ ಫ್ಲಿಂಟ್ ರಿಡ್ಜ್ ಗುಹೆಗಳೂ ಮ್ಯಾಮತ್ ಗುಹೆಯೂ ಒಳಗೊಳಗೇ ಕೂಡಿಕೊಂಡಿವೆ ಅಂತ 1972ರ ಸೆಪ್ಟೆಂಬರಿನಲ್ಲಿ ಕಂಡುಹಿಡಿದ ತಂಡದಲ್ಲಿ ಪ್ಯಾಟ್ ಒಬ್ಬರು. ಕ್ರೌಥರ್ ಕೆಲಸ ಮಾಡುತ್ತಿದ್ದದ್ದು ಬಿಬಿಎನ್ ಕಂಪನಿಯಲ್ಲಿ. ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಆರ್ಪಾನೆಟ್ಟಿಗೆ ಪ್ರೋಗ್ರಾಂ ಬರೆಯುವ ಕೆಲಸ.

ಆಮೇಲೆ ಗಂಡ ಹೆಂಡತಿ ಬೇರೆಯಾದರು. ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಮನೆಗೆ ಬಂದಾಗ ಅವರು ಆಡಲಿ ಅಂತ 1975-76ರ ಸುಮಾರಿಗೆ ಕ್ರೌಥರ್ ಒಂದು ಆಟ ಬರೆದರು. ಹೋಗುವುದನ್ನು ಬಿಟ್ಟಿದ್ದ ಆ ಗುಹೆಯನ್ನೇ ಅದಕ್ಕೆ ಬಳಸಿದರು. ಆಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ಹೊಸದು, 1974ರಲ್ಲಿ ಬಂದಿತ್ತು. ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟುತ್ತಾ ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಅಂತ ಪಾತ್ರ ಆಡುವುದು. ಕ್ರೌಥರ್ ಅದನ್ನೂ ಆಡುತ್ತಿದ್ದರು. ಹಾಗಾಗಿ ಗುಹೆಗೆ ಕುಳ್ಳರು ಬಂದರು, ಮಂತ್ರದ ಕೋಲು ಬಂತು.

1976ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಡಾನ್ ವುಡ್ಸ್ ಎಂಬ ಹುಡುಗನಿಗೆ ಈ ಆಟ ಸಿಕ್ಕಿತು. ಅದರಲ್ಲಿ ಬರೆದವರ ಹೆಸರೇನೋ ಇತ್ತು, ವಿಳಾಸ ಇರಲಿಲ್ಲ. ಅವನು ಏನು ಮಾಡಿದ ಗೊತ್ತಾ? ಆ ಜಾಲದಲ್ಲಿದ್ದ ಒಂದೊಂದು ಕಂಪ್ಯೂಟರಿಗೂ ‘ಕ್ರೌಥರ್’ ಅನ್ನುವ ಹೆಸರಿಗೆ ಪತ್ರ ಹಾಕಿದ. ಇವತ್ತು ಹಾಗೆ ಮಾಡಲು ಹೊರಟರೆ ಒಂದು ಜನ್ಮ ಸಾಲದು. ಅವತ್ತು ಉತ್ತರ ಬಂತು, ಆಟದ ಮೂಲ ಪ್ರೋಗ್ರಾಮೂ ಸಿಕ್ಕಿತು. ವುಡ್ಸ್ ಅದನ್ನು ಬೆಳೆಸಿ 1977ರಲ್ಲಿ ಹೊರಗೆ ಬಿಟ್ಟ. ಗುಹೆಯ ನಿಧಿ ಹೊತ್ತು ತಂದರೆ ಅಂಕ ಸಿಗುವ, 350 ಅಂಕದ ಆಟ. ಡ್ರ್ಯಾಗನ್, ಸೇತುವೆ ಕಾಯುವ ರಾಕ್ಷಸ, ಕರಡಿ ಎಲ್ಲ ಅವನ ಕೊಡುಗೆ.

ಈಗ ನನ್ನ ಮೆಚ್ಚಿನ ಸಾಹಸಗಳಿಗೆ ಬರುತ್ತೇನೆ.

ಮೊದಲನೆಯದು ಹಾವು. ಬೆಟ್ಟದ ರಾಜನ ಹಜಾರಕ್ಕೆ ಬರುತ್ತೀರಿ, ದೊಡ್ಡ ಹಸಿರು ಹಾವು ದಾರಿಗೆ ಅಡ್ಡ ಮಲಗಿದೆ. ಕೊಡಲಿ ನಾಟುವುದಿಲ್ಲ. ಹಿಂದೆ ಒಂದು ಕೋಣೆಯಲ್ಲಿ ಹಾಡುವ ಪುಟ್ಟ ಹಕ್ಕಿ ಇತ್ತು, ಒಂದು ಪಂಜರವೂ ಸಿಕ್ಕಿತ್ತು. ಸರಿ, ಹಕ್ಕಿ ಹಿಡಿಯೋಣ ಅಂತ ಹೋದರೆ ಅದು ಬೆದರುತ್ತದೆ, ಕೈಗೆ ಸಿಗುವುದಿಲ್ಲ. ಮೊದಲು ಬಂದಾಗ ಹೆದರದ ಹಕ್ಕಿ ಹತ್ತಿರ ಹೋದರೆ ಯಾಕೆ ಹೆದರುತ್ತದೆ? ನಾನು ಎರಡು ಸಂಜೆ ತಲೆ ಕೆಡಿಸಿಕೊಂಡೆ. ಯಂತ್ರ ಎಲ್ಲೂ ಹೇಳುವುದಿಲ್ಲ, ಆದರೆ ನಮ್ಮ ಕೈಯಲ್ಲಿ ಒಂದು ಕರಿ ಕೋಲು ಇರುತ್ತದೆ. ಅದನ್ನು ಕೆಳಗಿಟ್ಟು ಹೋದರೆ ಹಕ್ಕಿ ಸಲೀಸಾಗಿ ಪಂಜರದೊಳಗೆ ಬರುತ್ತದೆ. ಕೋಲು ಹಿಡಿದು ಬಂದವನಿಗೆ ಯಾವ ಹಕ್ಕಿ ಸಿಕ್ಕುತ್ತೆ ಹೇಳಿ! ಆಮೇಲೆ ಹಾವಿನ ಮುಂದೆ ಹಕ್ಕಿಯನ್ನು ಬಿಟ್ಟರೆ, ಹಾವು ಹಕ್ಕಿಯನ್ನು ನುಂಗುವುದಿಲ್ಲ. ಹಕ್ಕಿಯೇ ಹಾವನ್ನು ಓಡಿಸುತ್ತದೆ.

ಆ ಜಂಬದಲ್ಲಿ ಮುಂದೆ ಡ್ರ್ಯಾಗನ್ ಸಿಕ್ಕಾಗಲೂ ಅದೇ ಹಕ್ಕಿಯನ್ನು ಬಿಟ್ಟೆ. ಪಾಪ, ಸುಟ್ಟು ಬೂದಿಯಾಯಿತು. ಇವತ್ತಿಗೂ ಅದಕ್ಕೆ ಬೇಜಾರಿದೆ.

ಡ್ರ್ಯಾಗನ್ ಕಥೆ ಕೇಳಿ. ಅದು ಒಂದು ಪರ್ಷಿಯನ್ ಜಮಖಾನದ ಮೇಲೆ ಮಲಗಿರುತ್ತದೆ, ಆ ಜಮಖಾನ ನಮಗೆ ಬೇಕು. ಕೊಡಲಿ ಎಸೆದೆ, ಏನೂ ಆಗಲಿಲ್ಲ. ಅನ್ನ ಕೊಟ್ಟೆ, ಕೋಲು ಬೀಸಿದೆ. ತಿಂಗಳುಗಟ್ಟಲೆ ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದೆ. ಕೊನೆಗೆ ಒಂದು ದಿನ ಸುಮ್ನೆ ಸಿಟ್ಟಿಗೆ ‘ಡ್ರ್ಯಾಗನ್ ಕೊಲ್ಲು’ ಅಂತ ಹೊಡೆದೆ. ಯಾವುದರಿಂದ, ಬರಿಗೈಯಲ್ಲಾ ಅಂತ ಯಂತ್ರ ವ್ಯಂಗ್ಯವಾಗಿ ಕೇಳಿತು. ಈ ಪ್ರಶ್ನೆಯನ್ನು ಬೇರೆ ಕಡೆ ಎಷ್ಟೋ ಸಲ ಕೇಳಿತ್ತು, ನಾನು ಅದನ್ನು ಬರೀ ಬೈಗುಳ ಅಂದುಕೊಂಡಿದ್ದೆ. ಅವತ್ತು ‘ಯೆಸ್’ ಅಂತ ಹೊಡೆದುಬಿಟ್ಟೆ. ಡ್ರ್ಯಾಗನ್ ಸತ್ತೇ ಹೋಯಿತು! ನಂಬಲಿಕ್ಕೆ ಆಗಲ್ಲ ಅಲ್ವಾ ಅಂತ ಯಂತ್ರವೂ ಕೇಳುತ್ತದೆ. ಲ್ಯಾಬಿನಲ್ಲಿ ನಾನು ಕುರ್ಚಿಯಿಂದ ಎದ್ದು ಕೂಗಿದ್ದು ಕೇಳಿ ಪಕ್ಕದವನು ಕರೆಂಟ್ ಹೊಡೀತಾ ಅಂತ ಓಡಿಬಂದ.

ಕತ್ತಿ ಹಿಡಿದು ಕತ್ತರಿಸುತ್ತಾ ಹೋಗುವ ಆಟಗಳು ನನಗೆ ಬೇಗ ಬೋರಾಗುತ್ತವೆ, ನಿಜ ಹೇಳಬೇಕಂದರೆ. ಇಲ್ಲಿ ಗೆಲ್ಲಿಸುವುದು ನೀವು ಹೇಳಲು ನಾಚಿಕೊಂಡ ಸೀದಾ ಸಾದಾ ಮಾತು.

ಕರಡಿಯ ಸಾಹಸ ಇನ್ನೂ ಚಂದ. ಸೇತುವೆಯ ಮೇಲೆ ಒಬ್ಬ ರಾಕ್ಷಸ, ದಾಟಬೇಕಾದರೆ ಒಂದು ನಿಧಿ ಕೊಡು ಅನ್ನುತ್ತಾನೆ. ನಮ್ಮ ಹೆದ್ದಾರಿಯ ಟೋಲ್ ಗೇಟೇ. ಕೊಟ್ಟು ದಾಟಿ ಆ ಕಡೆ ಹೋದರೆ ಚಿನ್ನದ ಸರಪಳಿ ಹಾಕಿ ಕಟ್ಟಿದ ಒಂದು ಸಿಡುಕು ಕರಡಿ. ಶುರುವಿನಲ್ಲಿ ಇಟ್ಟಿಗೆ ಮನೆಯಿಂದ ತಂದ ಬುತ್ತಿ ಹಾಕಿದರೆ ಕರಡಿ ಪಳಗುತ್ತದೆ. ಅದೇ ಮನೆಯ ಬೀಗದ ಕೈಯಿಂದ ಸರಪಳಿ ಬಿಚ್ಚಿದರೆ ನಾಯಿಮರಿ ಹಾಗೆ ಹಿಂದೆ ಬರುತ್ತದೆ. ವಾಪಸ್ ಬಂದಾಗ ರಾಕ್ಷಸ ಮತ್ತೆ ಕೈಚಾಚುತ್ತಾನೆ. ಆಗ ಕರಡಿಯನ್ನು ಅವನ ಮೇಲೆ ಬಿಡಬೇಕು, ಕಿರುಚಿಕೊಂಡು ಓಡಿಹೋಗುತ್ತಾನೆ. ಗೆದ್ದ ಖುಷಿಯಲ್ಲಿ ನಾನು ಕರಡಿಯನ್ನು ಮತ್ತೆ ಕರೆದುಕೊಂಡು ಸೇತುವೆ ಹತ್ತಿದೆ. ಅಷ್ಟು ಭಾರಕ್ಕೆ ಸೇತುವೆ ಮುರಿದು ಇಬ್ಬರೂ ಕಂದರಕ್ಕೆ.

ಒಂದು ತಕರಾರೂ ಇದೆ. ರಾಕ್ಷಸನಿಗೆ ಕೊಟ್ಟ ಚಿನ್ನದ ಮೊಟ್ಟೆಗಳನ್ನು ಮಂತ್ರ ಹೇಳಿ ವಾಪಸ್ ಪಡೆಯಬಹುದು. ಆ ಮಂತ್ರ ಇಂಗ್ಲಿಷ್ ಮಕ್ಕಳಿಗೆ ತೊಟ್ಟಿಲಲ್ಲೇ ಗೊತ್ತಿರುವ ಕಥೆಯಿಂದ ಬಂದದ್ದು, ಹುರುಳಿ ಬಳ್ಳಿ ಹತ್ತಿದ ಹುಡುಗನನ್ನು ಮೂಸುತ್ತಾ ಬರುವ ದೈತ್ಯ ಹೇಳುವ ಮಾತು. ದಾವಣಗೆರೆಯಲ್ಲಿ ಬೆಳೆದ ನನಗೆ ಅದು ಎಲ್ಲಿಂದ ಗೊತ್ತಾಗಬೇಕು? ಕಾಗಕ್ಕ ಗುಬ್ಬಕ್ಕನ ಕಥೆಯಿಂದ ಒಗಟು ಮಾಡಿದ್ದರೆ, ಸಗಣಿ ಮನೆ ಮಳೆಗೆ ಯಾಕೆ ಕರಗಿತು ಅಂತ ಸ್ಟ್ಯಾನ್‌ಫರ್ಡಿನ ಹುಡುಗರೂ ತಿಂಗಳುಗಟ್ಟಲೆ ಕೂರುತ್ತಿದ್ದರು.

ಇನ್ನು ಚಕ್ರವ್ಯೂಹ. ಎಲ್ಲ ಕಡೆ ಒಂದೇ ಥರದ ಸುತ್ತುಬಳಸು ಓಣಿಗಳು. ಯಾವ ಕೋಣೆಗೆ ಹೋದರೂ ಅದೇ ವಾಕ್ಯ, ಒಂದು ಅಕ್ಷರ ಬದಲಾಗಲ್ಲ. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಬಂದ ಕೋಣೆಗೇ ಬರುತ್ತೀರಿ ಅನ್ನುವ ಗ್ಯಾರಂಟಿ ಇಲ್ಲ. ಉಪಾಯ ಇಷ್ಟೇ: ಕೈಯಲ್ಲಿರುವ ಸಾಮಾನನ್ನು ಒಂದೊಂದು ಕೋಣೆಯಲ್ಲಿ ಒಂದೊಂದು ಬಿಟ್ಟು ಹೋಗುವುದು. ಬಾಟಲಿ ಇರುವ ಕೋಣೆ, ಪಂಜರ ಇರುವ ಕೋಣೆ ಅಂತ ಗುರುತು. ಲ್ಯಾಬ್ ರೆಕಾರ್ಡಿನ ಗ್ರಾಫ್ ಹಾಳೆಯ ಮೇಲೆ ನಾನು ಬಾಣದ ಗುರುತು ಹಾಕಿ ನಕ್ಷೆ ಬಿಡಿಸಿದೆ. ಆ ಹಾಳೆ ಹಾಗೇ ರೆಕಾರ್ಡಿನ ಜೊತೆ ಸಹಿಗೆ ಹೋಯಿತು. ಮೇಷ್ಟ್ರು ಅದನ್ನು ಸರ್ಕ್ಯೂಟ್ ಅಂದುಕೊಂಡು ಟಿಕ್ ಹಾಕಿ ಕೊಟ್ಟರು!

ಅಷ್ಟೆಲ್ಲ ಮಾಡಿ ಆ ಚಕ್ರವ್ಯೂಹದಲ್ಲೇ ನನ್ನ ದೀಪ ಆರಿತು. ಕತ್ತಲಲ್ಲಿ ನಡೆದರೆ ಹೊಂಡಕ್ಕೆ ಬಿದ್ದು ಸಾಯುತ್ತೀರಿ. ದೀಪದ ಬ್ಯಾಟರಿಗೆ ಲೆಕ್ಕ ಇದೆ, 330 ಹೆಜ್ಜೆ. ಆದರೆ ಆಟದ ಶುರುವಿನಲ್ಲಿ ಸೂಚನೆಗಳು ಬೇಕಾ ಅಂತ ಒಂದು ಪ್ರಶ್ನೆ ಬರುತ್ತದೆ. ಬೇಕು ಅಂದವರನ್ನು ಹೊಸಬರು ಅಂತ ತಿಳಿದು ಯಂತ್ರ ಗುಟ್ಟಾಗಿ 1000 ಹೆಜ್ಜೆಯ ಬ್ಯಾಟರಿ ಕೊಡುತ್ತದೆ, ಐದು ಅಂಕ ಕಡಿಮೆ ಮಾಡುತ್ತದೆ. ನಾನು ದೊಡ್ಡ ಮನುಷ್ಯನ ಹಾಗೆ ಪ್ರತಿ ಸಲ ಬೇಡ ಅನ್ನುತ್ತಿದ್ದೆ. ಹೊಸ ಬ್ಯಾಟರಿ ಮಾರುವ ಯಂತ್ರವೂ ಗುಹೆಯೊಳಗಿದೆ, ಇನ್ನೊಂದು ಚಕ್ರವ್ಯೂಹದ ಒಳಗೆ. ಅದಕ್ಕೆ ಹಾಕಬೇಕಾದ ನಾಣ್ಯಗಳು ನೀವು ಹೊತ್ತು ತಂದ ನಿಧಿಯೇ. ಬೆಳಕು ಬೇಕಾದರೆ ಅಂಕ ಬಿಡಿ.

ಇದೇ ಜಾಡಿನಲ್ಲಿ ಅಮೆರಿಕದ ಎಂಐಟಿಯ ನಾಲ್ವರು 1977ರಲ್ಲಿ ಜೋರ್ಕ್ ಅನ್ನುವ ಆಟ ಶುರು ಮಾಡಿದರು. ಅದರಲ್ಲಿ ಎರಡೇ ಪದ ಅಂತಿಲ್ಲ, ಪೂರ್ತಿ ವಾಕ್ಯ ಬರೆದರೂ ಅರ್ಥವಾಗುತ್ತದೆ. ಅದರಲ್ಲಿ ನನಗೆ ಇಷ್ಟವಾದದ್ದು ಒಂದೇ. ರತ್ನದ ಒಂದು ಮೊಟ್ಟೆ ಸಿಗುತ್ತದೆ, ಒಡೆಯದೆ ತೆರೆಯುವ ಕಲೆ ನಮಗೆ ಗೊತ್ತಿಲ್ಲ. ಗುಹೆಯಲ್ಲಿ ಒಬ್ಬ ಕಳ್ಳ ಓಡಾಡುತ್ತಿರುತ್ತಾನೆ, ಎಲ್ಲರೂ ಅವನನ್ನು ಬೈಯುವವರೇ. ಆದರೆ ಮೊಟ್ಟೆ ಅವನ ಕೈಗೆ ಹೋದರೆ ಅವನೇ ನಾಜೂಕಾಗಿ ತೆರೆದು ಇಟ್ಟಿರುತ್ತಾನೆ. ಕದಿಯಲು ಬಿಡುವುದೂ ಒಂದು ಉಪಾಯ.

ಇವೆಲ್ಲ ಒಂಟಿ ಆಟ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮಡ್ ಅನ್ನುವ ಆಟ ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಅಲ್ಲಿ ಒಂದೇ ಗುಹೆಯಲ್ಲಿ ಹತ್ತಾರು ಜನ. ನಾನು ಆಡಿದ್ದು ಅದರ ವಂಶದ್ದೇ, ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ ಡಿಕುಮಡ್. ನಮ್ಮಲ್ಲಿ 1995ರ ಆಗಸ್ಟ್ 15ಕ್ಕೆ ಸರ್ಕಾರದ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟಿತು. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದದ್ದು ಶೆಲ್ ಅಕೌಂಟು, ಅಂದರೆ ಬರೀ ಅಕ್ಷರ, ಚಿತ್ರವೇ ಬರಲ್ಲ. ಬೇರೆಯವರು ಗೊಣಗುತ್ತಿದ್ದರು. ನನಗೆ ಹಬ್ಬ.

ಒಂದು ರಾತ್ರಿ ಮಿಡ್‌ಗಾರ್ಡ್ ಊರಿನ ಓಣಿಯಲ್ಲಿ ಜಗಳದ ನಡುವೆ ಮನೆಯಲ್ಲಿ ಅಮ್ಮ ಫೋನ್ ಎತ್ತಿದರು. ಆಗ ಇಂಟರ್ನೆಟ್ ಬರುತ್ತಿದ್ದದ್ದೂ ಅದೇ ಫೋನಿನಲ್ಲಿ, ಲೈನ್ ಹೋಯಿತು. ಮತ್ತೆ ಸೇರುವಷ್ಟರಲ್ಲಿ ನಾನು ಸತ್ತಿದ್ದೆ. ಈ ಆಟದಲ್ಲಿ ಸತ್ತರೆ ಹೆಣದ ಜೊತೆ ನಿಮ್ಮ ಕತ್ತಿ, ಕವಚ, ದುಡ್ಡು ಎಲ್ಲ ಅಲ್ಲೇ ಬಿದ್ದಿರುತ್ತದೆ. ನೀವು ಖಾಲಿ ಕೈಯಲ್ಲಿ ಹುಟ್ಟಿ ಬಂದು ಅದನ್ನು ಹುಡುಕಿಕೊಳ್ಳಬೇಕು. ಆ ಊರಲ್ಲಿ ಹೆಣ ತಿನ್ನುವ ಬೀದಿನಾಯಿಗಳಿವೆ, ನೆಲದ ಮೇಲಿನ ಚಿಲ್ಲರೆ ಸಾಮಾನು ಎತ್ತಿಕೊಳ್ಳುವ ಕಸ ಗುಡಿಸುವವನೂ ಇದ್ದಾನೆ. ಓಡಿಹೋಗಿ ನೋಡಿದರೆ ನಾಯಿ ಹೆಣ ತಿಂದು ಮುಗಿಸಿತ್ತು. ಗುರುತಿಲ್ಲದ ಒಬ್ಬ ಆಟಗಾರ ಅಲ್ಲೇ ನಿಂತಿದ್ದ. ಒಂದೊಂದಾಗಿ ಎಲ್ಲ ನನ್ನ ಕೈಗೆ ಕೊಟ್ಟ. ನೀರಿನ ಚೀಲ ಮಾತ್ರ ಕಸದವನ ಪಾಲಾಗಿತ್ತು. ಆ ಆಟಗಾರ ಯಾವ ದೇಶದವನೋ, ಹೆಸರೇನೋ ಕೇಳಲೇ ಇಲ್ಲ. ಮತ್ತೆ ಸಿಗಲೂ ಇಲ್ಲ.

ಕನ್ನಡದಲ್ಲಿ ಇಂಥದ್ದು ಆಗುತ್ತಾ ಅಂತ ಕೇಳುತ್ತಾರೆ. ನಾನೇ ಒಂದು ಪುಟ್ಟದು ಬರೆದೆ, ನಾಲ್ಕೇ ಕೋಣೆ. ಕ್ರೌಥರ್ ಬಳಸಿದ ಪಿಡಿಪಿ-10 ಯಂತ್ರದ ಒಂದು ಖಾನೆಯಲ್ಲಿ ಐದು ಅಕ್ಷರ ಹಿಡಿಯುತ್ತಿತ್ತು. ಅದಕ್ಕೇ ಆ ಆಟ ಪ್ರತಿ ಪದದ ಮೊದಲ ಐದು ಅಕ್ಷರ ಮಾತ್ರ ನೋಡುತ್ತದೆ. ಈ ಜಿಪುಣತನ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ವಿಭಕ್ತಿ ಎಲ್ಲ ಬಾಲದಲ್ಲಿ ಬರುತ್ತವಲ್ಲ? ಹಕ್ಕಿಯನ್ನು, ಹಕ್ಕಿಗೆ, ಹಕ್ಕಿಯಿಂದ, ಏನೇ ಬರೆಯಲಿ, ತಲೆ ನೋಡಿದರೆ ಸಾಕು. ಆದರೆ ‘ಮರ’ ಅಂತ ಹುಡುಕಿದರೆ ‘ಮರಳು’ ಕೂಡ ಅದೇ ಬುಟ್ಟಿಗೆ ಬೀಳುತ್ತದೆ. ಕ್ರಿಯಾಪದವಂತೂ ದೇವರಿಗೇ ಪ್ರೀತಿ. ತಗೋ, ತೊಗೋ, ತಗೊಳ್ಳಿ, ತೆಗೆದುಕೋ. ನಮ್ಮ ಅತ್ತಿಗೆ ಧಾರವಾಡದವರು, ‘ತೊಗೋರಿ’ ಅಂತ ಹೊಡೆದರು, ಯಂತ್ರ ಕಕ್ಕಾಬಿಕ್ಕಿ.

ಆ ಆಟದಲ್ಲಿ ಕ್ರೌಥರ್ ನೆನಪಿಗೆ ಅಂತ ಬಾಗಿಲಿಗೆ ಅಡ್ಡ ಒಂದು ಹಾವು ಇಟ್ಟಿದ್ದೆ. ಓಡಿಸಲು ಪಕ್ಕದ ಕೋಣೆಯಲ್ಲಿ ಮುಂಗುಸಿ. ಅಡುಗೆ ಕೋಣೆಯಲ್ಲಿ ಸುಮ್ನೆ ವರ್ಣನೆಗೆ ಅಂತ ಒಲೆ, ಹಾಲಿನ ಪಾತ್ರೆ. ಅಣ್ಣನ ಮಗಳು ಆಡಲು ಕೂತಳು, ಒಂಬತ್ತು ವರ್ಷ. ಮುಂಗುಸಿ ಕಡೆ ತಿರುಗಿಯೂ ನೋಡಲಿಲ್ಲ. ‘ಹಾವಿಗೆ ಹಾಲು ಕೊಡು’ ಅಂತ ಹೊಡೆದಳು. ಅರ್ಥವಾಗಲಿಲ್ಲ ಅಂತ ಬಂತು. ಮತ್ತೆ ಹೊಡೆದಳು, ಮತ್ತೆ ಅದೇ.

“ಚಿಕ್ಕಪ್ಪ, ಹಾಲು ಅಲ್ಲೇ ಇದೆ ಅಂತ ಅದೇ ಹೇಳ್ತು. ಹಾಲು ಅಂದ್ರೆ ಗೊತ್ತಿಲ್ವಂತೆ.”

ಹಾವು ಹಾಲು ಕುಡಿಯಲ್ಲ ಅಂತ ನಾನು ವಿಜ್ಞಾನ ಹೇಳಹೊರಟೆ. “ಇದು ಆಟ ಅಲ್ವಾ” ಅಂದಳು. ಅವತ್ತು ರಾತ್ರಿ ಕೂತು ಹಾಲನ್ನು ಸೇರಿಸಿದೆ. ಈಗ ಹಾಲು ಇಟ್ಟರೆ ಹಾವು ಬಾಗಿಲು ಬಿಟ್ಟು ಬಟ್ಟಲ ಹತ್ತಿರ ಹೋಗುತ್ತದೆ. ಮುಂಗುಸಿ ಇನ್ನೂ ಅಲ್ಲೇ ಇದೆ, ಅವಳಂತೂ ಅದನ್ನು ಮುಟ್ಟಿಲ್ಲ.

ನನ್ನ ಲ್ಯಾಪ್‌ಟಾಪ್ ಆ ಮೇಜಿನ ಮೇಲಿದೆ, ಹಳೇ ಗುಹೆಯನ್ನು ತೆರೆದಿಟ್ಟಿದ್ದೇನೆ. ಚಹಾ ಬರುವವರೆಗೆ ಒಬ್ಬೊಬ್ಬರೇ ಬಂದು ಕೂರಿ. ಮೊದಲಿಗೆ ಸೂಚನೆಗಳು ಬೇಕಾ ಅಂತ ಕೇಳುತ್ತದೆ. ಬೇಕು ಅನ್ನಿ.