ದೂರು ಬರೆದರೆ ಉತ್ತರ ಬರಬೇಕಲ್ವಾ?

(ಮಂಗಳೂರಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ರೇಡಿಯೊ ಕೇಳುಗರ ಎದುರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ನಾಳೆ ಸುದ್ದಿ ಬರೆಯುವವರು ಕೂತಿದ್ದೀರಿ. ಹಿಂದಿನ ಸಾಲಿನಲ್ಲಿ ಆಕಾಶವಾಣಿಯ ಹಳೆಯ ಕೇಳುಗರು ಇದ್ದೀರಿ. ಇವತ್ತಿನ ವಿಷಯ ಇಬ್ಬರಿಗೂ ಸೇರಿದ್ದು: ಸುದ್ದಿಯಲ್ಲಿ 'ಭಯೋತ್ಪಾದಕ' ಎಂಬ ಪದವನ್ನು ಹೇಗೆ ಬಳಸಬೇಕು, ಬಳಸಿದ ರೀತಿ ಸರಿಯಿಲ್ಲ ಅನಿಸಿದರೆ ದೂರು ಹೇಗೆ ಕೊಡಬೇಕು.

2022ರ ನವೆಂಬರ್ 19ರ ಸಂಜೆ ನಿಮಗೆಲ್ಲ ನೆನಪಿದೆ. ಇಲ್ಲೇ ಮಂಗಳೂರಿನ ನಾಗುರಿಯ ಹತ್ತಿರ ಓಡುತ್ತಿದ್ದ ರಿಕ್ಷಾದಲ್ಲಿ ಸ್ಫೋಟವಾಯಿತು. ಚಾಲಕರಿಗೂ ಪ್ರಯಾಣಿಕನಿಗೂ ಸುಟ್ಟ ಗಾಯ. ಒಳಗೆ ಸಿಕ್ಕಿದ್ದು ಕುಕ್ಕರ್. ಆ ರಾತ್ರಿ ಸುದ್ದಿ ಬರೆಯಲು ಕೂತವನ ಕೈಯಲ್ಲಿ ಇದ್ದದ್ದು ಇಷ್ಟೇ. ಮರುದಿನ ಡಿಜಿಪಿ ಪ್ರವೀಣ್ ಸೂದ್ ಟ್ವೀಟ್ ಮಾಡಿ, ಇದು ಆಕಸ್ಮಿಕ ಅಲ್ಲ, ಭಯೋತ್ಪಾದಕ ಕೃತ್ಯ ಎಂದರು. ಅಲ್ಲಿಂದ ಮುಂದೆ ಬರೆಯುವುದು ಸುಲಭ. 'ಎಂದು ಡಿಜಿಪಿ ತಿಳಿಸಿದ್ದಾರೆ' ಎಂದು ಸೇರಿಸಿದರೆ ಆಯಿತು. ಕಷ್ಟ ಇದ್ದದ್ದು ನಡುವಿನ ಆ ಕೆಲವು ಗಂಟೆಗಳಲ್ಲಿ. ಗಾಯಗೊಂಡ ಇಬ್ಬರಲ್ಲಿ ಒಬ್ಬರು ಪಾಪ, ಬಾಡಿಗೆಗೆ ಬಂದ ಚಾಲಕ. ಅವಸರದಲ್ಲಿ ಒಂದು ಪದ ಜಾಸ್ತಿಯಾಗಿದ್ದರೆ ಅವರ ಗತಿ ಏನಾಗುತ್ತಿತ್ತು, ಯೋಚನೆ ಮಾಡಿ.

ಈ ಜಾಗದಲ್ಲೇ ಬಿಬಿಸಿಯಂಥ ಸಂಸ್ಥೆಗಳು ಒಂದು ನಿಯಮ ಇಟ್ಟುಕೊಂಡಿರುವುದು. ಅವರ ಸಂಪಾದಕೀಯ ಮಾರ್ಗಸೂಚಿಯಲ್ಲಿ 'ಭಯೋತ್ಪಾದಕ' ಎಂಬ ಪದಕ್ಕೆ ನಿಷೇಧ ಇಲ್ಲ. ನಮ್ಮಲ್ಲಿ ಬಹಳ ಜನ ಇದೆ ಅಂದುಕೊಂಡಿದ್ದಾರೆ, ಇಲ್ಲ. ಯಾರು ಹಾಗೆ ಕರೆದರು ಎಂದು ಹೇಳದೆ ಆ ಪದವನ್ನು ಬಳಸಬೇಡಿ ಎನ್ನುತ್ತದೆ ಅಷ್ಟೇ. ಸ್ವಂತ ಬಾಯಲ್ಲಿ ಹೇಳುವಾಗ ನಡೆದದ್ದನ್ನು ಹೇಳಿ: ಬಾಂಬ್ ಇಟ್ಟವನು, ಬಂದೂಕುಧಾರಿ, ದಾಳಿಕೋರ, ಅಪಹರಣಕಾರ.

ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜಸೂಯದ ಪ್ರಸಂಗದಲ್ಲಿ, ವೇಷವಿಲ್ಲದೆ ಕೂತು ಪಾತ್ರದ ಮಾತಾಡುವ ಅರ್ಥಧಾರಿ ಕೃಷ್ಣನಿಗೆ ಬಾಯಿಗೆ ಬಂದಂತೆ ಬೈಯುತ್ತಾರೆ. ನಾವು ಅವರ ಮೇಲೆ ಸಿಟ್ಟಾಗುತ್ತೇವಾ? ಇಲ್ಲ. ಅದು ಶಿಶುಪಾಲನ ಮಾತು ಅಂತ ಗೊತ್ತು. ಸುದ್ದಿಯಲ್ಲೂ ಮಾತು ಯಾರದು ಎಂದು ಗೊತ್ತಾಗಬೇಕು ಎನ್ನುವುದು ಬಿಬಿಸಿಯ ವಾದ.

ವಾದ ಚೆನ್ನಾಗಿದೆ. ಆದರೆ ಅದನ್ನು ಎಲ್ಲರೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ಬಿಬಿಸಿಯೇ ನೇಮಿಸಿದವರಿಂದ ಎದುರು ಮಾತು ಬಂದಿದೆ. ಇಸ್ರೇಲ್-ಪ್ಯಾಲೆಸ್ಟೀನ್ ವರದಿಗಾರಿಕೆಯನ್ನು ಪರಿಶೀಲಿಸಲು ಅದರ ಆಡಳಿತ ಮಂಡಳಿಯ ಗವರ್ನರ್‌ಗಳೇ ಒಂದು ಸ್ವತಂತ್ರ ಸಮಿತಿ ಮಾಡಿದ್ದರು. ಸರ್ ಕ್ವೆಂಟಿನ್ ಥಾಮಸ್ ಅದರ ಅಧ್ಯಕ್ಷರು. 2006ರಲ್ಲಿ ಬಂದ ವರದಿ ಏನು ಹೇಳಿತು ಗೊತ್ತಾ? ರಾಜಕೀಯ ಅಥವಾ ಧಾರ್ಮಿಕ ಉದ್ದೇಶಕ್ಕಾಗಿ ಹೆದರಿಕೆ ಹುಟ್ಟಿಸಲು ನಾಗರಿಕರ ಮೇಲೆ ನಡೆಸುವ ಹಿಂಸೆಗೆ 'ಭಯೋತ್ಪಾದನೆ' ಎಂಬುದೇ ಸರಿಯಾದ ಪದ, ಅದನ್ನೇ ಬಳಸಿ ಎಂದಿತು. ಮಾಡಿದ್ದು ಸರ್ಕಾರವೇ ಆದರೂ ಬಳಸಿ ಎಂದೂ ಸೇರಿಸಿತು. ಬಿಬಿಸಿ ತನ್ನ ನಿಯಮ ಬಿಡಲಿಲ್ಲ.

ಹದಿನೇಳು ವರ್ಷದ ನಂತರ ಅದೇ ಜಗಳ ಮತ್ತೆ ಬಂತು. 2023ರ ಅಕ್ಟೋಬರ್ 7ರಂದು ಪ್ಯಾಲೆಸ್ಟೀನಿನ ಹಮಾಸ್ ಸಂಘಟನೆ ಇಸ್ರೇಲ್ ಮೇಲೆ ದಾಳಿ ಮಾಡಿದ ಮೇಲೆ ಹಮಾಸ್‌ನವರನ್ನು ಭಯೋತ್ಪಾದಕರು ಎಂದು ಯಾಕೆ ಕರೆಯುತ್ತಿಲ್ಲ ಎಂದು ಬ್ರಿಟನ್ನಿನ ಮಂತ್ರಿಗಳೇ ಕೇಳಿದರು. ಯಾರನ್ನು ಬೆಂಬಲಿಸಬೇಕು, ಯಾರನ್ನು ಖಂಡಿಸಬೇಕು ಎಂದು ಜನರಿಗೆ ಹೇಳುವುದು ನಮ್ಮ ಕೆಲಸ ಅಲ್ಲ ಎಂದು ಹಿರಿಯ ವರದಿಗಾರ ಜಾನ್ ಸಿಂಪ್ಸನ್ ಬರೆದರು. ಆದರೆ ಅದೇ ತಿಂಗಳು ಬಿಬಿಸಿ ಒಂದು ಹೆಜ್ಜೆ ಸರಿಯಿತು. ಹಮಾಸ್‌ನವರನ್ನು 'ಮಿಲಿಟೆಂಟ್', ಅಂದರೆ ಸಶಸ್ತ್ರ ಹೋರಾಟಗಾರರು, ಎಂದು ರೂಢಿಯಂತೆ ಕರೆಯುವುದನ್ನು ನಿಲ್ಲಿಸಿತು. ಬ್ರಿಟನ್ ಸರ್ಕಾರ ಮತ್ತು ಇತರರು ಭಯೋತ್ಪಾದಕ ಎಂದು ಪಟ್ಟಿ ಮಾಡಿರುವ ಸಂಘಟನೆ ಎಂದು ಹೇಳತೊಡಗಿತು. ಅಂದರೆ ಪದ ಬಂತು, ಹೇಳಿದವರ ಹೆಸರಿನ ಜೊತೆಗೇ ಬಂತು. ದೂರಿನ ಒತ್ತಡ ಇಲ್ಲದೆ ಇಷ್ಟೂ ಆಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಈಗ ದೂರಿಗೆ ಬರೋಣ. ನನಗೆ ಪದಕ್ಕಿಂತ ಇದರ ಬಗ್ಗೆ ಕುತೂಹಲ ಜಾಸ್ತಿ.

ಬಿಬಿಸಿಗೆ ದೂರು ಕೊಡಬೇಕಾದರೆ ಪ್ರಸಾರವಾಗಿ 30 ಕೆಲಸದ ದಿನಗಳೊಳಗೆ ಬರೆಯಬೇಕು. ಮೊದಲು ದೂರು ವಿಭಾಗದಿಂದ ಉತ್ತರ ಬರುತ್ತದೆ. ಸಮಾಧಾನ ಆಗಲಿಲ್ಲ ಎಂದು ಮತ್ತೆ ಬರೆದರೆ ಎರಡನೇ ಉತ್ತರ. ಆಗಲೂ ಒಪ್ಪದಿದ್ದರೆ ಎಕ್ಸಿಕ್ಯುಟಿವ್ ಕಂಪ್ಲೇಂಟ್ಸ್ ಯೂನಿಟ್ ಎಂಬ ಬೇರೆ ಘಟಕಕ್ಕೆ ಹೋಗಬಹುದು. ದೂರು ಎತ್ತಿಹಿಡಿದರೆ ಆ ತೀರ್ಮಾನವನ್ನು ಅದು ಪ್ರಕಟಿಸುತ್ತದೆ. ಅದರಾಚೆ ಆಫ್‌ಕಾಮ್ ಇದೆ, ಹೊರಗಿನ ನಿಯಂತ್ರಕ. 2017ರಿಂದ ಬಿಬಿಸಿ ಅದರ ಕೈಕೆಳಗೆ ಬಂದಿದೆ. ಆದರೆ ನಾವು ಇಲ್ಲಿ ಕೇಳುವ ವರ್ಲ್ಡ್ ಸರ್ವಿಸ್ ಆಫ್‌ಕಾಮ್ ವ್ಯಾಪ್ತಿಗೆ ಬರುವುದಿಲ್ಲ. ಮೊದಲ ಹಂತದ ಉತ್ತರಗಳ ಬಗ್ಗೆ ನನಗೆ ತಕರಾರಿದೆ. ಸಾವಿರಾರು ಜನ ಒಂದೇ ವಿಷಯ ಬರೆದಾಗ ಎಲ್ಲರಿಗೂ ಒಂದೇ ಉತ್ತರ ಕಳಿಸುತ್ತಾರೆ. ಓದಿದರೆ ಬ್ಯಾಂಕಿನಿಂದ ಬಂದ ಪತ್ರದ ಹಾಗಿರುತ್ತದೆ.

ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ಕ್ರಮ ನನಗೆ ಇನ್ನೂ ಇಷ್ಟ. ಅಲ್ಲಿ ಒಬ್ಬ ಓಂಬುಡ್ಸ್‌ಮನ್ ಇರುತ್ತಾರೆ. ಸುದ್ದಿ ವಿಭಾಗಕ್ಕೂ ಅವರಿಗೂ ಸಂಬಂಧ ಇಲ್ಲ. ಮೊದಲು ಸುದ್ದಿ ವಿಭಾಗವೇ ದೂರಿಗೆ ಉತ್ತರ ಬರೆಯಬೇಕು. ಅದು ಸಾಲದು ಎಂದರೆ ಓಂಬುಡ್ಸ್‌ಮನ್ ಪರಿಶೀಲಿಸಿ, ದೂರು ಏನು, ಸಂಪಾದಕರು ಏನೆಂದರು, ತನ್ನ ತೀರ್ಮಾನ ಏನು ಎಂದು ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. 'ಭಯೋತ್ಪಾದಕ' ಪದದ ಬಗ್ಗೆಯೇ ಅಂಥ ತೀರ್ಮಾನಗಳಿವೆ. ಹೀಗೇ ಮಾಡಿ ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಆದರೆ ತಪ್ಪು ಎಂದು ಊರೆಲ್ಲ ಓದುವಂತೆ ಬರೆದರೆ ಯಾವ ಸಂಪಾದಕನಿಗೂ ಮುಜುಗರ ಆಗುತ್ತದೆ, ಮಾರಾಯ್ರೆ.

ನಮ್ಮ ಕಡೆ ಬನ್ನಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದರು. ಅದರಲ್ಲಿ ನಮ್ಮ ಪಕ್ಕದ ಶಿವಮೊಗ್ಗದವರೂ ಇದ್ದರು. ಬಿಬಿಸಿ ಅದನ್ನು 'ಮಿಲಿಟೆಂಟ್' ದಾಳಿ ಎಂದು ಬರೆಯಿತು. ಕೇಂದ್ರ ಸರ್ಕಾರ ಬಿಬಿಸಿಯ ಭಾರತದ ಮುಖ್ಯಸ್ಥರಿಗೆ ಆಕ್ಷೇಪದ ಪತ್ರ ಕಳಿಸಿತು. ಸಿಟ್ಟು ನನಗೆ ಅರ್ಥವಾಗುತ್ತದೆ. ಪ್ರವಾಸಿಗರನ್ನು ಹೆಂಡತಿ ಮಕ್ಕಳ ಎದುರು ಗುಂಡಿಟ್ಟು ಕೊಂದವರಿಗೆ ಅಷ್ಟು ಮೆದುವಾದ ಪದ ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ಬಿಬಿಸಿಯ ನಿಯಮವನ್ನೇ ಹಿಡಿದು ಕೇಳಬಹುದಿತ್ತು: 'ಬಂದೂಕುಧಾರಿಗಳು' ಎಂದು ಬರೆಯಬಹುದಿತ್ತಲ್ಲ? ಆ ಪದದಲ್ಲಿ ನಡೆದದ್ದು ಇದೆ, ಅಭಿಪ್ರಾಯ ಇಲ್ಲ. ಆದರೆ ಸರ್ಕಾರದ ಪತ್ರ ಬೇರೆ, ಕೇಳುಗನ ದೂರು ಬೇರೆ. ಸರ್ಕಾರದ ಕೈಯಲ್ಲಿ ವೀಸಾ ಇದೆ, ಲೈಸೆನ್ಸ್ ಇದೆ. ಅದು ಪದ ಬದಲಿಸಿ ಎಂದರೆ ಸಂಪಾದಕ ವಾದವನ್ನು ತೂಗುವ ಮೊದಲು ಪರಿಣಾಮವನ್ನು ತೂಗುತ್ತಾನೆ.

ಇನ್ನು ನಮ್ಮದೇ ಸಾರ್ವಜನಿಕ ಪ್ರಸಾರಕರು. ಕದ್ರಿಯಲ್ಲಿ ಆಕಾಶವಾಣಿ ಇದೆ. ಅದು ಪ್ರಸಾರ ಭಾರತಿಗೆ ಸೇರಿದ್ದು. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು. ಅದರ 14ನೇ ಕಲಂ ಓದಿ. ಪ್ರಸಾರ ಪರಿಷತ್ತು ಎಂದು ಒಂದು ಇರಬೇಕು ಎನ್ನುತ್ತದೆ. ಜನರ ದೂರು ಕೇಳುವುದು ಅದರ ಕೆಲಸ. ಎಷ್ಟು ಚೆಂದ ಅಲ್ವಾ? ಆ ಪರಿಷತ್ತು ಕಾಯ್ದೆಯ ಪುಟ ಬಿಟ್ಟು ಈಚೆ ಬರಲೇ ಇಲ್ಲ. ಖಾಸಗಿ ಚಾನೆಲ್‌ಗಳಿಗಾದರೂ 2021ರಲ್ಲಿ ಒಂದು ನಿಯಮ ಬಂತು, ದೂರಿಗೆ 15 ದಿನದೊಳಗೆ ಉತ್ತರ ಕೊಡಬೇಕು ಎಂದು.

ಕೇಳುಗರಾದ ನಮ್ಮ ಪಾಲೂ ಇದೆ. ನಾವು ದೂರು ಬರೆಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬೈದು, ಹತ್ತು ಗ್ರೂಪಿಗೆ ಕಳಿಸಿ ಸುಮ್ನೆ ಆಗುತ್ತೇವೆ. ದೂರು ಎಂದರೆ ಹೀಗಿರಬೇಕು: ಯಾವ ದಿನ, ಎಷ್ಟು ಗಂಟೆಯ ವಾರ್ತೆ, ಓದಿದ ವಾಕ್ಯ ಅಕ್ಷರಶಃ ಯಾವುದು, ಅದರಲ್ಲಿ ಯಾವ ಮಾತಿಗೆ ಆಧಾರ ಹೇಳಲಿಲ್ಲ, ಅದರ ಬದಲು ಏನು ಹೇಳಬಹುದಿತ್ತು. ಐದು ಸಾಲು ಸಾಕು. 'ನೀವೆಲ್ಲ ದೇಶದ್ರೋಹಿಗಳು' ಎಂದೋ 'ನೀವೆಲ್ಲ ಮಾರಿಕೊಂಡವರು' ಎಂದೋ ಶುರು ಮಾಡಿದರೆ ಆರನೇ ಸಾಲನ್ನು ಯಾರೂ ಓದುವುದಿಲ್ಲ.

ಇನ್ನೊಂದು, ಎರಡೂ ಕಡೆಗೆ ಒಂದೇ ಅಳತೆ ಇರಬೇಕು. 2020ರ ಜನವರಿಯಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ಕಿತು. ಆರೋಪಿ ನಮ್ಮದೇ ಕಡೆಯ ಎಂಜಿನಿಯರ್. ಹೆಸರು ಗೊತ್ತಾಗುವ ಮೊದಲು ಇದ್ದ ಪದಗಳೇ ಹೆಸರು ಗೊತ್ತಾದ ಮೇಲೂ ಉಳಿದವಾ? 2022ರಲ್ಲಿ ಕೋರ್ಟು ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಾಗ ಯಾವ ಪದ ಇತ್ತು? ವಿದ್ಯಾರ್ಥಿಗಳು ಲೈಬ್ರರಿಗೆ ಹೋಗಿ ಆ ತಿಂಗಳುಗಳ ಪತ್ರಿಕೆ ತೆಗೆದು, ನಾಗುರಿ ಪ್ರಕರಣದ ಪತ್ರಿಕೆಗಳ ಪಕ್ಕ ಇಟ್ಟು ತಲೆಬರಹ ಪಟ್ಟಿ ಮಾಡಿ. ವ್ಯತ್ಯಾಸ ಕಂಡರೆ ಅದೇ ನಿಮ್ಮ ಮೊದಲ ದೂರು. ಅದರ ಒಂದು ಪ್ರತಿ ನನಗೂ ಕಳಿಸಿ, ಉತ್ತರ ಬಂದರೆ ಅದನ್ನೂ ಕಳಿಸಿ.

ಈಗ ಪ್ರಶ್ನೆಗಳು. ಹಿಂದಿನ ಸಾಲಿನವರಿಂದ ಶುರು ಮಾಡೋಣ.