ಮಂಪರು ನಿದ್ದೆಯಲ್ಲ

ಕೇಳುಗರಿಗೆ ನಮಸ್ಕಾರ.

2009ರ ಜೂನ್ 25ರಂದು ಲಾಸ್ ಏಂಜಲೀಸ್‌ನಲ್ಲಿ ಪಾಪ್ ಗಾಯಕ ಮೈಕಲ್ ಜಾಕ್ಸನ್ ತೀರಿಕೊಂಡರು. ವಯಸ್ಸು 50. ಮುಂದಿನ ತಿಂಗಳಿಂದ ಲಂಡನ್‌ನಲ್ಲಿ ಸಾಲು ಸಾಲು ಕಾರ್ಯಕ್ರಮಗಳಿದ್ದವು. ರಿಹರ್ಸಲ್ ಮುಗಿಸಿ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ.

ಆ ರಾತ್ರಿ ನಡೆದದ್ದನ್ನು ಅವರ ಖಾಸಗಿ ವೈದ್ಯ ಕಾನ್ರಾಡ್ ಮರ್ರಿ ಪೊಲೀಸರಿಗೆ ಹೇಳಿದ್ದಾರೆ. ನಡುರಾತ್ರಿ ಕಳೆದ ಮೇಲೆ ಮಂಪರು ತರಿಸುವ ಡಯಾಜೆಪಾಮ್ ಮಾತ್ರೆ. ನಿದ್ದೆ ಬರಲಿಲ್ಲ. ಅದೇ ಗುಂಪಿನ ಲೊರಾಜೆಪಾಮ್. ಬರಲಿಲ್ಲ. ಮಿಡಜೋಲಾಮ್. ಊಹೂಂ. ಬೆಳಗಾಯಿತು. ಹತ್ತೂವರೆ ದಾಟಿದ ಮೇಲೆ ಪ್ರೊಪೊಫಾಲ್ ಇಂಜೆಕ್ಷನ್. ಹಾಲಿನಂತೆ ಬೆಳ್ಳಗಿರುವ ಈ ಔಷಧಿಯನ್ನು ಜಾಕ್ಸನ್ 'ಹಾಲು' ಅಂತಲೇ ಕರೆಯುತ್ತಿದ್ದರಂತೆ.

ಪ್ರೊಪೊಫಾಲ್ ಇರುವುದು ಆಪರೇಷನ್ ಥಿಯೇಟರಿಗೆ. ಒಂದು ನಿಮಿಷದೊಳಗೆ ಎಚ್ಚರ ತಪ್ಪಿಸುತ್ತದೆ. ಪ್ರಮಾಣ ಸ್ವಲ್ಪ ಜಾಸ್ತಿಯಾದರೆ ಉಸಿರಾಟವನ್ನೂ ನಿಲ್ಲಿಸುತ್ತದೆ. ಇದಕ್ಕೆ ಮಾರುಮದ್ದು ಇಲ್ಲ. ಅದಕ್ಕೇ ಅರಿವಳಿಕೆ ತಜ್ಞರು ರೋಗಿಯ ತಲೆಯ ಹತ್ತಿರದಿಂದ ಕದಲುವುದಿಲ್ಲ. ಮರ್ರಿ ಹೃದಯದ ಡಾಕ್ಟರು, ಜಾಗ ಮಲಗುವ ಕೋಣೆ. ಸರಿಯಾದ ಮಾನಿಟರ್ ಇರಲಿಲ್ಲ. ಅವರು ಕೋಣೆಯಿಂದ ಆಚೆ ಹೋಗಿದ್ದಾಗ ಜಾಕ್ಸನ್ ಉಸಿರು ನಿಂತಿತ್ತು. 2011ರಲ್ಲಿ ಮರ್ರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ನನ್ನನ್ನು ಕೇಳಿದರೆ, ತಪ್ಪು ಆ ಬೆಳಿಗ್ಗೆ ಶುರುವಾದದ್ದಲ್ಲ. ನಿದ್ದೆಗೆ ಅಂತ ಅದನ್ನು ಮೊದಲ ಸಲ ಕೊಟ್ಟ ದಿನವೇ ಆಗಿತ್ತು.

ಅಷ್ಟು ದೊಡ್ಡವರ ಕಥೆ ನಮಗ್ಯಾಕೆ ಅಂತೀರಾ? ಪ್ರೊಪೊಫಾಲ್ ನಮ್ಮ ಮನೆಗೆ ಬರುವುದಿಲ್ಲ, ನಿಜ. ಆದರೆ ಡಯಾಜೆಪಾಮ್‌ನ ತಮ್ಮ, ಅಂದರೆ ಅದೇ ಗುಂಪಿನ ಮಾತ್ರೆ ಆಲ್ಪ್ರಜೋಲಾಮ್ ಬರುತ್ತದೆ. ಅಜ್ಜಿಯ ದಿಂಬಿನ ಕೆಳಗೇ ಇರುತ್ತದೆ. ಯಾವತ್ತೋ ಡಾಕ್ಟರು ಹತ್ತು ದಿನಕ್ಕೆ ಬರೆದುಕೊಟ್ಟ ಮಾತ್ರೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಮೊದಮೊದಲು ಅರ್ಧ ಸಾಕಿತ್ತು, ಆಮೇಲೆ ಒಂದು, ಈಗ ಒಂದಕ್ಕೂ ಬಗ್ಗುತ್ತಿಲ್ಲ. ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿದರೆ, 'ವಯಸ್ಸಾಯಿತಲ್ಲ' ಅನ್ನುತ್ತೇವೆ. ಮಾತ್ರೆ ನೆನಪಿಗೇ ಬರುವುದಿಲ್ಲ. ಇದರ ಜೊತೆಗೆ ಗುಂಡು ಹಾಕುವವರು, ಮಲಗಿದಾಗ ಉಸಿರು ಕಟ್ಟಿ ಕಟ್ಟಿ ಗೊರಕೆ ಹೊಡೆಯುವವರು ಇನ್ನೂ ಅಪಾಯದಲ್ಲಿದ್ದಾರೆ.

ಆಲ್ಪ್ರಜೋಲಾಮ್, ಡಯಾಜೆಪಾಮ್, ಇನ್ನೊಂದು ನಿದ್ದೆ ಮಾತ್ರೆ ಜೋಲ್ಪಿಡೆಮ್ ಇವೆಲ್ಲ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಡಾಕ್ಟರ ಚೀಟಿ ಬೇಕು. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪರಿಚಯದ ಅಂಗಡಿಯಲ್ಲಿ ಇದೆಲ್ಲ ಎಷ್ಟು ನಡೆಯುತ್ತದೆ, ನಿಮಗೇ ಗೊತ್ತಲ್ವಾ?

ಇದನ್ನು ಕೇಳಿ ಯಾರೂ ಇವತ್ತೇ ಮಾತ್ರೆ ಬಿಸಾಡಬೇಡಿ. ಬಹಳ ದಿನ ತಗೊಂಡವರು ದಿಢೀರ್ ಅಂತ ಬಿಟ್ಟರೆ ಕೈ ನಡುಗುತ್ತದೆ, ನಿದ್ದೆ ಮೊದಲಿಗಿಂತ ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ಹತ್ತಿರ ಹೋಗಿ, ವಾರಗಟ್ಟಲೆ ಚೂರು ಚೂರೇ ಇಳಿಸಬೇಕು. ಜೊತೆಗೆ ನಿದ್ದೆಯ ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆಯೂ ಇದೆ. ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದೇ ಅದು. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ, ಬಿಪಿಯದ್ದು, ಕೆಮ್ಮಿನ ಸಿರಪ್ ಕೂಡ ಸೇರಿಸಿ.