ಅಜ್ಜಿಯ ಕಣ್ಣು, ಅಜ್ಜಿಯದೇ ಬಣ್ಣ

ಈಗ ಪರದೆಯ ಮೇಲಿರುವುದು ನಾನು ಹೊಸ ಕ್ಯಾಮೆರಾದಲ್ಲಿ ತೆಗೆದ ಅಜ್ಜಿಯ ಮೊದಲ ಭಾವಚಿತ್ರ. ತೀರ್ಥಹಳ್ಳಿಯ ಹತ್ತಿರ ಇರುವ ನಮ್ಮ ಹಳೆಯ ಮನೆಯ ಜಗಲಿಯಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ತೆಗೆದದ್ದು. ಸ್ವಲ್ಪ ಹಿಗ್ಗಿಸಿ ನೋಡೋಣ. ಅಜ್ಜಿಯ ಮೂಗುಬೊಟ್ಟಿನ ಹರಳುಗಳನ್ನು ಒಂದೊಂದಾಗಿ ಎಣಿಸಬಹುದು. ಕಣ್ಣುಗಳು ಮಾತ್ರ ಮಂಜಿನ ಹಿಂದೆ ಇರುವಂತೆ ಕಾಣುತ್ತವೆ. ಮುಖದ ಬಣ್ಣವೂ ಅಜ್ಜಿಯದಲ್ಲ. ಗದ್ದದ ಕೆಳಗೆ ಕೆಂಪು ಹರಡಿದೆ, ಹಣೆಯ ಒಂದು ಬದಿಯಲ್ಲಿ ತಿಳಿಹಸಿರು ಕೂತಿದೆ. ಈ ಎರಡು ತಪ್ಪುಗಳ ಕಾರಣ ಹುಡುಕುತ್ತ ಹೋದುದೇ ನನಗೆ ಭಾವಚಿತ್ರದ ಮೊದಲ ಪಾಠವಾಯಿತು.

ಫೋಕಸ್‌ನಿಂದ ಆರಂಭಿಸುತ್ತೇನೆ. ನನ್ನಲ್ಲಿರುವುದು ಎಪಿಎಸ್‌-ಸಿ ಸೆನ್ಸರಿನ (ಬೆಳಕು ಹಿಡಿಯುವ ಮಧ್ಯಮ ಗಾತ್ರದ ಫಲಕದ) ಕ್ಯಾಮೆರಾ ಮತ್ತು 50 ಮಿ.ಮೀ. ಎಫ್‌/1.8 ಲೆನ್ಸ್. ಹಿನ್ನೆಲೆ ಮಸುಕಾಗಬೇಕೆಂಬ ಆಸೆಯಿಂದ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಪೂರ್ತಿ ತೆರೆದು, ಅಜ್ಜಿಯ ಎದುರಿಗೆ ಒಂದೇ ಮೀಟರ್ ದೂರದಲ್ಲಿ ಕುಳಿತಿದ್ದೆ. ಅಷ್ಟು ಹತ್ತಿರದಲ್ಲಿ ಆ ಲೆನ್ಸ್ ಸ್ಪಷ್ಟವಾಗಿ ಹಿಡಿಯುವ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ, ಅಂದರೆ ಫೋಕಸ್ ಬಿದ್ದ ಜಾಗದಿಂದ ಹಿಂದಕ್ಕೆ ಒಂದೂವರೆ, ಮುಂದಕ್ಕೆ ಒಂದೂವರೆ. ಎಲ್ಲಿ ಫೋಕಸ್ ಮಾಡಬೇಕೆಂಬ ಆಯ್ಕೆಯನ್ನೂ ಕ್ಯಾಮೆರಾಗೇ ಬಿಟ್ಟಿದ್ದೆ. ಅದು ಹತ್ತಿರದಲ್ಲಿರುವ, ಹೊಳಪು ಮತ್ತು ಕತ್ತಲೆಯ ಅಂತರ ಎದ್ದು ಕಾಣುವ ಅಂಚನ್ನು ಹುಡುಕಿ, ಮಿನುಗುವ ಮೂಗುಬೊಟ್ಟನ್ನು ಹಿಡಿದುಕೊಂಡಿತು. ಕಣ್ಣು ಆ ಆಳದಿಂದ ಹೊರಗೆ ಉಳಿಯಿತು.

ಮರುದಿನ ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಂಡು, ಅದನ್ನು ಕ್ಯಾಮೆರಾಗೆ ಹತ್ತಿರವಿರುವ ಕಣ್ಣಿನ ಮೇಲೆಯೇ ಇಟ್ಟೆ. ನಡುವಿನ ಬಿಂದುವಿನಿಂದ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸುವ ರೂಢಿ ಬಹಳ ಜನರಿಗಿದೆ. ಆಳ ಇಷ್ಟು ಕಡಿಮೆ ಇರುವಾಗ ಆ ತಿರುಗಿಸುವಿಕೆಯಲ್ಲೇ ಕಣ್ಣು ತಪ್ಪಿಹೋಗುತ್ತದೆ ಎಂಬುದು ನನ್ನ ಅನುಭವ. ಅಜ್ಜಿ ಮಾತನಾಡುವಾಗ ತಲೆಯಾಡಿಸುತ್ತಾರೆ, ಅದನ್ನು ನಿಲ್ಲಿಸಿ ಎಂದು ಹೇಳುವ ಮನಸ್ಸು ನನಗೆ ಬರಲಿಲ್ಲ. ಅದಕ್ಕಾಗಿ ಒಂದೂವರೆ ಮೀಟರಿಗೆ ಹಿಂದೆ ಸರಿದು, ಅಪರ್ಚರನ್ನು ಕಿರಿದಾಗಿಸಿ ಎಫ್‌/4ಕ್ಕೆ ಇಳಿಸಿದೆ. ಆಗ ಆಳ ಸುಮಾರು 14 ಸೆಂಟಿಮೀಟರ್ ಆಗುತ್ತದೆ, ಮೂಗಿನಿಂದ ಕಿವಿಯ ಓಲೆಯವರೆಗೆ ಬಹುಮಟ್ಟಿಗೆ ಎಲ್ಲವೂ ಅದರೊಳಗೆ ಬರುತ್ತದೆ. ಹಿನ್ನೆಲೆಯ ಮಸುಕು ಕಡಿಮೆಯಾಯಿತು ನಿಜ, ಆದರೆ ಅಜ್ಜಿಯ ಹಿಂದಿರುವ ಮರದ ಕಂಬ ಕಂಬವೆಂದು ತಿಳಿಯುವಷ್ಟು ಕಾಣುವುದೇ ನನಗೆ ಹೆಚ್ಚು ಇಷ್ಟವಾಯಿತು.

ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಚಿತ್ರ ಮಸುಕಾದಾಗಲೆಲ್ಲ ತಪ್ಪು ಫೋಕಸ್‌ನದೇ ಆಗಿರಬೇಕಿಲ್ಲ. ಫೋಕಸ್ ತಪ್ಪಿದ್ದರೆ ಚಿತ್ರದಲ್ಲಿ ಬೇರೆ ಯಾವುದೋ ವಸ್ತು ಸ್ಪಷ್ಟವಾಗಿರುತ್ತದೆ, ಉದಾಹರಣೆಗೆ ಮೂಗುಬೊಟ್ಟು. ಕೈ ಅಲುಗಿದ್ದರೆ ಎಲ್ಲಿಯೂ ಸ್ಪಷ್ಟತೆ ಇರುವುದಿಲ್ಲ, ಹೊಳೆಯುವ ಚುಕ್ಕೆಗಳು ಗೀರುಗಳಾಗಿ ಎಳೆದುಕೊಂಡಿರುತ್ತವೆ. ನಾನು ಶಟರ್ ವೇಗವನ್ನು ಸೆಕೆಂಡಿನ 1/60ರಿಂದ 1/200ಕ್ಕೆ ಏರಿಸಿದ ಮೇಲೆ ಆ ಗೀರುಗಳು ಮಾಯವಾದವು.

ಬಣ್ಣದ ವಿಷಯದಲ್ಲಿ ಹೆಚ್ಚು ದಿನ ಪರದಾಡಿದೆ. ಕಂಪ್ಯೂಟರಿನಲ್ಲಿ ಚಿತ್ರದ ಬಣ್ಣವನ್ನು ಬೆಳಕಿಗೆ ತಕ್ಕಂತೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಪಟ್ಟಿಯನ್ನು ನೀಲಿಯ ಕಡೆಗೆ ಎಳೆದರೆ ಕೆಂಪು ತಗ್ಗುತ್ತಿತ್ತು, ಹಸಿರು ಉಳಿಯುತ್ತಿತ್ತು. ಹಸಿರನ್ನು ಕಳೆಯಲು ಹೋದರೆ ಗದ್ದ ಮತ್ತೆ ಕೆಂಪೇರುತ್ತಿತ್ತು. ಒಂದೇ ಮುಖದ ಮೇಲೆ ಎರಡು ಬಣ್ಣದ ಬೆಳಕು ಬಿದ್ದಿದ್ದರೆ ಇಡೀ ಚಿತ್ರವನ್ನು ಒಟ್ಟಿಗೆ ಬದಲಿಸುವ ಆ ಪಟ್ಟಿ ಏನು ತಾನೇ ಮಾಡೀತು? ಕೆಂಪು ಬಂದದ್ದು ಜಗಲಿಯ ರೆಡ್ ಆಕ್ಸೈಡ್ ನೆಲದಿಂದ, ಹಸಿರು ಬಂದದ್ದು ಅಡಿಕೆ ಸೋಗೆಗಳ ನಡುವೆ ಸೋಸಿ ಬಂದ ತೋಟದ ಬೆಳಕಿನಿಂದ. ಅಜ್ಜಿಯನ್ನು ಅಂಗಳದ ಕಡೆಯ ಕಿಟಕಿಯ ಪಕ್ಕಕ್ಕೆ ಕೂರಿಸಿ, ನೆಲದ ಮೇಲೆ ಅಜ್ಜನ ಬಿಳಿ ಪಂಚೆಯನ್ನು ಹಾಸಿದೆ. ಕಂಪ್ಯೂಟರಿನಲ್ಲಿ ಮೂರು ಸಂಜೆ ಕುಳಿತರೂ ಹೋಗದ ಕಲೆ ಹೀಗೆ ಐದು ನಿಮಿಷದಲ್ಲಿ ಹೋಯಿತು.

ಆ ಪಂಚೆಯೇ ನನಗೆ ಇನ್ನೊಂದು ಪಾಠ ಕಲಿಸಿತು. ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನ ಡ್ರಾಪರಿನಿಂದ, ಅಂದರೆ ಬಣ್ಣವಿಲ್ಲದ ಜಾಗ ಯಾವುದೆಂದು ತೋರಿಸಿಕೊಡುವ ಸಾಧನದಿಂದ, ಅದರ ಮೇಲೆ ಕ್ಲಿಕ್ ಮಾಡಿದರೆ ಬಿಳುಪು ಸರಿಹೋಗುತ್ತದೆ ಎಂದುಕೊಂಡೆ. ಅಜ್ಜಿಯ ಮುಖ ಅರಿಸಿನ ಮೆತ್ತಿದಂತೆ ಹಳದಿಯಾಯಿತು. ನಮ್ಮ ಮನೆಯಲ್ಲಿ ಪಂಚೆಗೆ ನೀಲಿ ಹಾಕಿ ಒಗೆಯುತ್ತಾರೆ. ಕಣ್ಣಿಗೆ ಬಿಳಿಯೆನಿಸಿದರೂ ಅದರಲ್ಲಿ ನೀಲಿಯ ಛಾಯೆ ಇದ್ದೇ ಇರುತ್ತದೆ, ತಂತ್ರಾಂಶವು ಆ ನೀಲಿಯನ್ನು ಕಳೆಯಲು ಚಿತ್ರಕ್ಕೆಲ್ಲ ಹಳದಿ ಸುರಿಯಿತು. ಈಗ ಬೇರೆ ಯಾವ ಛಾಯೆಯೂ ಇಲ್ಲದ ಬೂದು ಬಣ್ಣದ ಗ್ರೇ ಕಾರ್ಡನ್ನು ಅಜ್ಜಿಯ ಕೈಗೆ ಕೊಟ್ಟು, ಕೆನ್ನೆಯ ಪಕ್ಕ ಹಿಡಿಸಿ ಒಂದು ಚಿತ್ರ ತೆಗೆದುಕೊಂಡು, ಅದೇ ಅಳತೆಯನ್ನು ಉಳಿದ ಚಿತ್ರಗಳಿಗೂ ಬಳಸುತ್ತೇನೆ. ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಹಾಗೇ ಉಳಿಸುವ ಕಡತದಲ್ಲಿ, ತೆಗೆಯುವುದರಿಂದ ಇದನ್ನು ಆಮೇಲೆ ಮಾಡಲು ಸಾಧ್ಯ. ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪಿಇಜಿಯಲ್ಲಿ ಬಣ್ಣ ಬಹುಪಾಲು ಆಗಲೇ ಬೆರೆತುಹೋಗಿರುತ್ತದೆ.

ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಸಂಖ್ಯೆಗಳೂ ಮೊದಲು ತಲೆಗೆ ಹತ್ತಲಿಲ್ಲ. ನಡುಹಗಲಿನ ಬಿಸಿಲು ಸುಮಾರು 5500, ಹಳೆಯ ತಂತಿ ಬಲ್ಬು 2700ರ ಆಸುಪಾಸು, ನೆರಳಿನಲ್ಲಿ ಆಕಾಶದಿಂದ ಬರುವ ಬೆಳಕು 7000ಕ್ಕೂ ಮೇಲೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಹಾಗಿದ್ದರೂ ಪಟ್ಟಿಯಲ್ಲಿ ಸಂಖ್ಯೆ ಏರಿಸಿದರೆ ಚಿತ್ರ ಹಳದಿಯಾಗುತ್ತದೆ, ಏಕೆಂದರೆ ಆ ಸಂಖ್ಯೆಯಿಂದ ನಾವು ಹೇಳುತ್ತಿರುವುದು ಅಲ್ಲಿದ್ದ ಬೆಳಕು ಎಂಥದು ಎಂಬುದನ್ನು, ಅದನ್ನು ಸರಿದೂಗಿಸುವುದು ತಂತ್ರಾಂಶದ ಕೆಲಸ.

ಬಣ್ಣ ಹೊಂದಿಸುವುದೆಂದರೆ ಮುಖವನ್ನು ಬೆಳ್ಳಗೆ ಮಾಡುವುದಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಚರ್ಮದ ಬಣ್ಣ ಹೆಚ್ಚಾಗಿ ತಂತ್ರಾಂಶದ ಕಿತ್ತಳೆಯ ಪಟ್ಟಿಯೊಳಗೆ ಬರುತ್ತದೆ, ಅದರ ಹೊಳಪನ್ನು ಏರಿಸಿದರೆ ಯಾರನ್ನಾದರೂ ಕ್ಷಣದಲ್ಲಿ ಬಿಳುಪಾಗಿಸಬಹುದು. ನಮ್ಮ ಬಂಧುಗಳ ಮದುವೆಯ ಆಲ್ಬಮ್ಮಿನಲ್ಲಿ ಅಜ್ಜಿಯನ್ನು ಹಾಗೆ ಮಾಡಿದ್ದರು, ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ಇದು ಯಾರೇ ಪುಟ್ಟಿ?" ಎಂದು ನನ್ನನ್ನೇ ಕೇಳಿದ್ದರು. ಈ ಒಲವು ಹೊಸದೂ ಅಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳುಹಿಸುತ್ತಿದ್ದ ಶರ್ಲಿ ಕಾರ್ಡ್ ಎಂಬ ಮಾದರಿ ಚಿತ್ರದಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸರ ಮುಖವೇ. ನಾನು ಕಿತ್ತಳೆಯ ಪಟ್ಟಿಯನ್ನು ಮುಟ್ಟುವುದಿಲ್ಲ. ಮುಖ ಕತ್ತಲಾಗಿದ್ದರೆ ಎಕ್ಸ್‌ಪೋಶರ್ ಸ್ವಲ್ಪ ಏರಿಸುತ್ತೇನೆ, ಅಷ್ಟೇ.

ಇದು ಕಳೆದ ವಾರ ತೆಗೆದ ಚಿತ್ರ. ಅಜ್ಜಿಯ ಕೆನ್ನೆಯ ಗೋಧಿಗಪ್ಪು, ಹಣೆಯ ಕುಂಕುಮ, ಸೀರೆಯ ಹಸಿರು, ಎಲ್ಲವೂ ಮನೆಯಲ್ಲಿ ನಾನು ದಿನವೂ ನೋಡಿ ಬೆಳೆದವೇ ಆಗಿ ಬಂದಿವೆ. ಪ್ರಿಂಟು ಹಾಕಿಸಿ ಕೊಟ್ಟಾಗ ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಚಿತ್ರದ ಕಣ್ಣಿನಲ್ಲಿ ಹೊಳೆಯುವ ಚೌಕದ ಮೇಲೆ ಉಗುರಿಟ್ಟು, ಅದರೊಳಗಿನ ಗೆರೆಗಳನ್ನು ಎಣಿಸಿದರು. "ನಮ್ಮ ಕಿಟಕಿ ಸರಳು ಅಲ್ವೇನೇ ಇದು? ಐದೂ ಇದೆ."